ಕಡಲಿಗಿಳಿದವರ ಹಾಜರಿ ಪುಸ್ತಕ

ನಾವು ಇಂಗ್ಲೆಂಡಿಗೆ ಹೋದದ್ದು ದೇಶ ನೋಡುವುದಕ್ಕಲ್ಲ, ಅತ್ತೆಯವರ ಅಪ್ಪಣೆಯನ್ನು ನಡೆಸುವುದಕ್ಕೆ. ಹೀಗೆಂದರೆ ಓದುಗರಿಗೆ ನಗೆ ಬಂದೀತು; ಆದರೆ ಸಂಗತಿ ಇದ್ದುದೇ ಹಾಗೆ. ನಮ್ಮ ಭಾವಮೈದ ಆರು ವರ್ಷಗಳಿಂದ ಆ ದೇಶದ ದಕ್ಷಿಣ ತೀರದ ಪೋರ್ಟ್ಸ್‌ಮತ್ ಎಂಬ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿ ಅವನು ಒಂದು ಕ್ಲಬ್ಬಿಗೆ ಸೇರಿ, ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು ಕಟ್ಟಿಕೊಂಡು ಸಮುದ್ರದ ತಳಕ್ಕೆ ಇಳಿಯುತ್ತಾನೆಂಬ ಸುದ್ದಿಯು ಒಂದು ಫೋಟೋದ ಮೂಲಕ ಕುಮಟೆಯಲ್ಲಿರುವ ಅತ್ತೆಯವರಿಗೆ ತಲುಪಿತು. ಅಂದು ರಾತ್ರಿ ಅವರು ಊಟ ಮಾಡಲಿಲ್ಲ.

ಅದಕ್ಕೆ ಕಾರಣವಿದ್ದಿತು. ನಲವತ್ತು ವರ್ಷಗಳಿಗೂ ಹಿಂದೆ, ಅತ್ತೆಯವರು ಆ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಮಳೆಗಾಲದ ಒಂದು ಸಂಜೆ ಊರ ಹೊಳೆ ದಾಟುತ್ತಿದ್ದ ದೋಣಿ ಮಗುಚಿತು. ದೋಣಿಯಲ್ಲಿ ಎಷ್ಟು ಜನ ಹತ್ತಿದ್ದರೆಂಬುದು ಯಾರಿಗೂ ತಿಳಿಯದು. ಕೆಲವರು ಹದಿನಾಲ್ಕು ಎಂದರು, ಕೆಲವರು ಹದಿನೇಳು ಎಂದರು. ಈಜಿ ದಡ ಸೇರಿದವರು ನಡುಗುತ್ತ ತಮ್ಮ ತಮ್ಮ ಮನೆಗೆ ಹೋದರು. "ಎಲ್ಲರೂ ಬಂದರಂತೆ" ಎಂಬ ಮಾತು ಊರಲ್ಲಿ ಹಬ್ಬಿತು. ಅತ್ತೆಯವರ ಮೈದುನ ಆಚೆ ದಡದ ನಂಟರ ಮನೆಯಲ್ಲಿಯೇ ಉಳಿದಿರಬೇಕೆಂದು ಮನೆಯವರೆಲ್ಲ ದೀಪ ಆರಿಸಿ ಮಲಗಿದರು. ಅವರು ಉಳಿದದ್ದು ಅಲ್ಲಲ್ಲವೆಂದು ತಿಳಿದದ್ದು ಮರುದಿನ ಮಧ್ಯಾಹ್ನ. ಅಂದು ದೀಪ ಆರಿಸಿದವರು ಅತ್ತೆ. ಆ ಮನೆಯ ಮಕ್ಕಳು ಯಾರೂ ಈಜು ಕಲಿಯಲಿಲ್ಲ. ಕಡಲು ಮೂರು ಮೈಲಿಯಲ್ಲಿದ್ದರೂ ಮೊಳಕಾಲಿಗಿಂತ ಮೇಲೆ ನೀರು ಕಾಣಲಿಲ್ಲ.

"ಹೊಳೆಗೆ ಒಬ್ಬರನ್ನು ಕೊಟ್ಟದ್ದು ಸಾಕು. ನೀವು ಹೋಗಿ ಮಾಣಿಗೆ ಬುದ್ಧಿ ಹೇಳಿ. ಅದನ್ನು ಬಿಡಿಸಿಯೇ ಬನ್ನಿ," ಎಂದು ಅತ್ತೆ ಹೇಳಿದ ಮೇಲೆ ನಮಗೆ ಬೇರೆ ದಾರಿ ಇರಲಿಲ್ಲ. ಕಚೇರಿಯ ಪರವಾನಗಿ, ಭವಿಷ್ಯನಿಧಿಯ ಹಣ, ವೀಸಾ ಎಲ್ಲ ಕೂಡಿಬರುವುದಕ್ಕೆ ಎಂಟು ತಿಂಗಳು ಹಿಡಿಯಿತು. ೨೦೨೪ರ ಜುಲೈಯಲ್ಲಿ ನಾವಿಬ್ಬರೂ ನಮ್ಮ ಹತ್ತು ವರ್ಷದ ಮಗಳೂ ಮುಂಬಯಿಯಿಂದ ಹೊರಟೆವು. ಚಕ್ಕುಲಿಯ ಡಬ್ಬಿಯೊಂದಿಗೆ ಬುದ್ಧಿಮಾತಿನ ಗಂಟನ್ನೂ ಕಟ್ಟಿಕೊಂಡಿದ್ದೆವು.

ಪೋರ್ಟ್ಸ್‌ಮತ್ ಬಹುಮಟ್ಟಿಗೆ ಒಂದು ದ್ವೀಪದ ಮೇಲೆ ಕುಳಿತ ನಗರ. ನೌಕಾಪಡೆಯ ಹಳೆಯ ನೆಲೆ. ಕಾದಂಬರಿಕಾರ ಡಿಕನ್ಸ್ ಹುಟ್ಟಿದ್ದು ಇಲ್ಲಿಯೇ. ಎತ್ತ ಹೋದರೂ ಕೊನೆಗೆ ನೀರು ಎದುರಾಗುತ್ತದೆ. ಇಂಥ ಊರಿನಲ್ಲಿದ್ದು ನೀರಿಗಿಳಿಯಬೇಡವೆಂದರೆ ಧಾರವಾಡದಲ್ಲಿದ್ದು ಪೇಡೆ ತಿನ್ನಬೇಡವೆಂದಂತೆ ಎಂದು ಭಾವಮೈದ ಮೊದಲ ದಿನವೇ ನಗೆಯಾಡಿದ. ನಾವು ನಗಲಿಲ್ಲ. "ಬುದ್ಧಿ ಹೇಳುವುದಿದ್ದರೆ ಹೇಳಿ ಭಾವ. ಆದರೆ ಮೊದಲು ಒಂದು ಸಲ ಬಂದು ನೋಡಿ," ಎಂದ. ನ್ಯಾಯವಾದ ಮಾತು. ಕಡತ ನೋಡದೆ ಟಿಪ್ಪಣಿ ಬರೆಯುವ ಅಭ್ಯಾಸ ನಮಗೂ ಇಲ್ಲ.

ಅವನ ಕ್ಲಬ್ಬು ಗುರುವಾರ ರಾತ್ರಿ ಊರಿನ ಈಜುಕೊಳದಲ್ಲಿ ಸೇರುತ್ತದೆ. ಸಾರ್ವಜನಿಕರು ಹೋದ ಮೇಲೆ ಕೊಳವನ್ನು ಒಂದು ಗಂಟೆಯ ಮಟ್ಟಿಗೆ ಬಾಡಿಗೆಗೆ ಹಿಡಿದಿರುತ್ತಾರೆ. ಕ್ಲಬ್ಬೆಂದರೆ ಮೆತ್ತನೆಯ ಕುರ್ಚಿ, ಸಮವಸ್ತ್ರದ ಮಾಣಿಗಳು ಎಂದೆಣಿಸಿದ್ದ ನಮಗೆ ಕಂಡದ್ದು, ವ್ಯಾನಿನಿಂದ ಸಿಲಿಂಡರು ಹೊತ್ತು ತರುತ್ತಿದ್ದ ಏಳೆಂಟು ಜನ. ಅವರಲ್ಲಿ ಒಬ್ಬ ಬಸ್ಸು ನಡೆಸುವವ, ಒಬ್ಬಾಕೆ ನರ್ಸು, ಒಬ್ಬ ನಲ್ಲಿ ರಿಪೇರಿಯವ, ಇಬ್ಬರು ಕಾಲೇಜು ಹುಡುಗರು, ಒಬ್ಬ ನಮ್ಮಂತೆಯೇ ಗುಮಾಸ್ತ. ಇವರಿಗೆಲ್ಲ ಮೇಲ್ವಿಚಾರಕಿ ಅರವತ್ತೈದು ದಾಟಿದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ಕ್ಲಬ್ಬಿನ ಡೈವಿಂಗ್ ಆಫೀಸರ್ ಅವರೇ; ಯಾರು ಇಳಿಯಬಹುದು, ಯಾರು ಇಳಿಯಕೂಡದು ಎಂಬುದಕ್ಕೆ ಅವರ ಮಾತೇ ಕೊನೆ.

ಇವರಲ್ಲಿ ಯಾರಿಗೂ ಒಂದು ಕಾಸಿನ ಸಂಬಳವಿಲ್ಲ. ಕಲಿಸುವವರಿಗಿಲ್ಲ, ಗಾಳಿ ತುಂಬುವ ಯಂತ್ರದ ಬಳಿ ಸರದಿಯ ಮೇಲೆ ನಿಲ್ಲುವವರಿಗಿಲ್ಲ, ಲೆಕ್ಕ ಬರೆಯುವ ಖಜಾಂಚಿಗಿಲ್ಲ. ಎಲ್ಲರೂ ವರ್ಷದ ಚಂದಾ ಕೊಟ್ಟೇ ಈ ಕೆಲಸ ಮಾಡುವವರು. ಜಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾನ್ ಎಂಬ ಇಬ್ಬರು ಫ್ರೆಂಚರು ೧೯೪೩ರಲ್ಲಿ ನೀರೊಳಗೆ ಉಸಿರಾಡುವ ಹಗುರ ಸಾಧನವನ್ನು ಸಿದ್ಧಪಡಿಸಿದರು. ಹತ್ತು ವರ್ಷಗಳ ಮೇಲೆ, ೧೯೫೩ರಲ್ಲಿ, ಆಸ್ಕರ್ ಗೂಗನ್ ಮತ್ತು ಪೀಟರ್ ಸ್ಮಾಲ್ ಎಂಬವರು ಲಂಡನ್ನಿನಲ್ಲಿ ಬ್ರಿಟಿಷ್ ಸಬ್‌ಆಕ್ವಾ ಕ್ಲಬ್ಬನ್ನು ಕಟ್ಟಿದರು. ಅದರ ಶಾಖೆಗಳು ಊರೂರಲ್ಲಿ ಹರಡಿವೆ. ಪಾಠದ ಕ್ರಮ ಎಲ್ಲೆಡೆಗೂ ಒಂದೇ. ಶಾಖೆಯನ್ನು ನಡೆಸುವ ಭಾರ ಆಯಾ ಊರಿನ ಸದಸ್ಯರದು. ನಮ್ಮ ಕರಾವಳಿಯಲ್ಲಿಯೂ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೆ ಜನರನ್ನು ಕರೆದೊಯ್ದು ನೀರಿಗಿಳಿಸುತ್ತಾರೆ. ಆದರೆ ಅಲ್ಲಿ ಹಣ ಕೊಟ್ಟು, ಇಳಿದು, ನೋಡಿ, ಮನೆಗೆ ಬರುತ್ತೇವೆ. ಇಲ್ಲಿ ಇಳಿಯುವವರೂ ಇಳಿಸುವವರೂ ಅವರೇ.

ಆ ರಾತ್ರಿ ಒಬ್ಬ ಹೊಸ ಹುಡುಗನಿಗೆ ಪಾಠ ನಡೆದಿತ್ತು. ಮೊದಲ ಸೂತ್ರ, ಉಸಿರು ಕಟ್ಟಕೂಡದು. ಹತ್ತು ಮೀಟರು ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಇಮ್ಮಡಿ. ಅಲ್ಲಿ ಎಳೆದ ಉಸಿರನ್ನು ಕಟ್ಟಿಕೊಂಡು ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಎರಡನೆಯ ಸೂತ್ರ, ಒಬ್ಬನೇ ಇಳಿಯಕೂಡದು. ಜೊತೆಗಾರನಿಗೆ ಇವರು 'ಬಡ್ಡಿ' ಎನ್ನುತ್ತಾರೆ. ಕೇಳಿ ನಾವು ಬೆಚ್ಚಿದೆವು. ನಮಗೆ ಗೊತ್ತಿದ್ದ ಬಡ್ಡಿಯೇ ಬೇರೆ. ಆದರೆ ಸಾಲದ ಬಡ್ಡಿಯಂತೆ ಇದೂ ಬೆನ್ನು ಬಿಡುವಂಥದಲ್ಲ. ಒಬ್ಬನ ಗಾಳಿ ತೀರಿದರೆ ಇನ್ನೊಬ್ಬ ತನ್ನದನ್ನು ಹಂಚಿಕೊಡಬೇಕು. ನೀರಿನಲ್ಲಿ ಮಾತಿಲ್ಲ, ಎಲ್ಲವೂ ಕೈಸನ್ನೆ. ನಮ್ಮ ಮಗಳು ಕೊಳದ ಅಂಚಿನಲ್ಲಿ ನಿಂತು, ತಳದಲ್ಲಿದ್ದ ಹುಡುಗನಿಗೆ "ಭಲೇ" ಎನ್ನುವಂತೆ ಹೆಬ್ಬೆರಳೆತ್ತಿ ತೋರಿಸಿದಳು. ಹುಡುಗ ಕೂಡಲೇ ಮೇಲೆ ಬಂದುಬಿಟ್ಟ! ಹೆಬ್ಬೆರಳು ಮೇಲೆತ್ತಿದರೆ ಅವರಲ್ಲಿ 'ಮೇಲೇಳು' ಎಂದರ್ಥವಂತೆ. ಹೆಬ್ಬೆರಳಿಗೆ ತೋರುಬೆರಳ ತುದಿ ತಾಗಿಸಿ ಉಂಗುರ ಮಾಡಿದರೆ 'ಎಲ್ಲ ಸರಿ' ಎಂದು. ಆ ಶಿಕ್ಷಕಿ ಬೈಯಲಿಲ್ಲ. ಮಗಳ ಬೆರಳು ಹಿಡಿದು ಉಂಗುರ ಮಾಡಿಸಿ ಕಲಿಸಿದರು.

ಶನಿವಾರ ಭಾವಮೈದ ನಮ್ಮನ್ನು ಹಡಗುಕಟ್ಟೆಯ ಮೇರಿ ರೋಸ್ ಸಂಗ್ರಹಾಲಯಕ್ಕೆ ಕರೆದೊಯ್ದ. "ಹವ್ಯಾಸಿಗಳು ಏನು ಮಾಡಬಲ್ಲರೆಂದು ನೋಡಿ," ಎಂಬುದು ಅವನ ವಾದದ ಎರಡನೆಯ ಕಂತು.

ಮೇರಿ ರೋಸ್ ದೊರೆ ಎಂಟನೆಯ ಹೆನ್ರಿಯ ಯುದ್ಧದ ಹಡಗು. ೧೫೪೫ರ ಜುಲೈ ೧೯ರಂದು ಫ್ರೆಂಚರೊಡನೆ ನಡೆದ ಕಾಳಗದಲ್ಲಿ, ದೊರೆ ದಡದಿಂದ ನೋಡುತ್ತಿದ್ದಂತೆಯೇ, ಊರೆದುರಿನ ನೀರಿನಲ್ಲಿ ಮಗುಚಿ ಮುಳುಗಿತು. ಹಡಗಿನಲ್ಲಿ ಸುಮಾರು ಐನೂರು ಜನರಿದ್ದರೆಂದು ಅಂದಾಜು. ಬದುಕಿದವರು ಮೂವತ್ತೈದಕ್ಕಿಂತ ಕಡಿಮೆ. ಶತ್ರುಗಳು ಏರಿ ಬಾರದಿರಲೆಂದು ಮೇಲೆ ಬಿಗಿದಿದ್ದ ಬಲೆಯೇ ಒಳಗಿನವರಿಗೆ ಉರುಳಾಯಿತು. ೧೮೩೬ರಲ್ಲಿ ಬೆಸ್ತರ ಬಲೆ ಸಿಕ್ಕಿಕೊಂಡು ಜಾಗ ತಿಳಿಯಿತು, ಕೆಲವು ತೋಪುಗಳು ಮೇಲೆ ಬಂದವು, ಮತ್ತೆ ಮರೆತುಹೋಯಿತು.

ಅದನ್ನು ಪುನಃ ಹುಡುಕಹೊರಟದ್ದು ಸರಕಾರವಲ್ಲ. ೧೯೬೫ರಲ್ಲಿ ಅಲೆಕ್ಸಾಂಡರ್ ಮೆಕ್ಕೀ ಎಂಬ ಲೇಖಕರು, ಸಬ್‌ಆಕ್ವಾ ಕ್ಲಬ್ಬಿನ ಸೌತ್‌ಸೀ ಶಾಖೆಯ ಸದಸ್ಯರನ್ನು ಕಟ್ಟಿಕೊಂಡು ಈ ಕೆಲಸಕ್ಕೆ ಕೈಹಾಕಿದರು. ಬಿಡುವಿನ ದಿನಗಳಲ್ಲಿ ಕೆಸರು ತಡಕಿದರು. ಆರು ವರ್ಷಗಳಾದ ಮೇಲೆ, ೧೯೭೧ರ ಮೇ ೫ರಂದು, ಪರ್ಸಿ ಆಕ್ಲಂಡ್ ಎಂಬ ಮುಳುಗುಗಾರರಿಗೆ ಹಡಗಿನ ಮರದ ಪಕ್ಕೆಲುಬುಗಳು ಕಂಡವು. ಮುಂದಿನ ಉತ್ಖನನವನ್ನು ನಡೆಸಿದ ಮಾರ್ಗರೆಟ್ ರೂಲ್ ಅವರು ಪುರಾತತ್ತ್ವಜ್ಞೆ; ಹಡಗನ್ನು ತಮ್ಮ ಕಣ್ಣಿಂದಲೇ ನೋಡಬೇಕೆಂದು ನಡುವಯಸ್ಸಿನಲ್ಲಿ ಮುಳುಗುವುದನ್ನು ಕಲಿತರು. ಐನೂರಕ್ಕೂ ಹೆಚ್ಚು ಸ್ವಯಂಸೇವಕರು ಬಂದು ದುಡಿದರು. ೧೯೭೯ರಿಂದ ೧೯೮೨ರವರೆಗೆ ಸುಮಾರು ಇಪ್ಪತ್ತೆಂಟು ಸಾವಿರ ಸಲ ಮನುಷ್ಯರು ಆ ನೀರಿಗೆ ಇಳಿದು ಮೇಲೆ ಬಂದರು. ೧೯೮೨ರ ಅಕ್ಟೋಬರ್ ೧೧ರಂದು ಹಡಗು ಬೆಳಕು ಕಂಡಿತು.

ಅರೆಗತ್ತಲಿನಲ್ಲಿ ಆ ಅರ್ಧ ಹಡಗನ್ನು ನೋಡುತ್ತ ನಿಂತೆವು. ಎದುರಿನ ಗಾಜಿನೊಳಗೆ ಹೇನು ಬಾಚಣಿಗೆಗಳು, ಬೂಟುಗಳು, ಬಿಲ್ಲುಗಳು, ಪಗಡೆಯಂಥ ಆಟದ ಹಲಗೆ, ಇಲಿ ಹಿಡಿಯುವುದಕ್ಕೆ ಸಾಕಿದ್ದ ನಾಯಿಯ ಎಲುಬು. ಆ ಹಡಗಿನಲ್ಲಿ ಕಾಳುಮೆಣಸೂ ಸಿಕ್ಕಿತೆಂದು ಕೇಳಿ ನಮ್ಮಾಕೆಗೆ ಕಣ್ಣರಳಿತು. ಆ ಕಾಲಕ್ಕೆ ಯುರೋಪಿಗೆ ಮೆಣಸು ಹೋಗುತ್ತಿದ್ದುದು ನಮ್ಮ ಪಡುವಣ ಕರಾವಳಿಯಿಂದ ಮತ್ತು ಅದರಾಚೆಯ ದ್ವೀಪಗಳಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಇದಾದ ಕೆಲವೇ ವರ್ಷಗಳ ಮೇಲೆ. ಆ ಕಾಳುಗಳಲ್ಲಿ ಒಂದಾದರೂ ನಮ್ಮ ಘಟ್ಟದ ಬಳ್ಳಿಯದಾಗಿದ್ದೀತೆಂದು ನಾವು ಎಣಿಸಿಕೊಂಡರೆ ತಪ್ಪೇನು?

ಆದರೆ ನಮ್ಮ ಮನಸ್ಸಿನಲ್ಲಿ ನಿಂತದ್ದು ಬೇರೊಂದು. ಹಡಗಿನಲ್ಲಿ ಕನಿಷ್ಠ ೧೭೯ ಜನರ ಅಸ್ಥಿಗಳು ದೊರೆತಿವೆ. ಅಧಿಕಾರಿಗಳಾಗಿದ್ದ ಕೆಲವರ ಹೆಸರು ಗೊತ್ತು. ಮಿಕ್ಕವರಿಗೆ ಅವರ ಬಳಿ ಸಿಕ್ಕಿದ ಸಾಮಾನಿನ ಮೇಲಿಂದ 'ಬಡಗಿ', 'ಅಡುಗೆಯವ', 'ಬಿಲ್ಲುಗಾರ' ಎಂದು ಗುರುತು ಹಚ್ಚಿದ್ದಾರೆ. ನಮ್ಮಾಕೆ ಮೆಲ್ಲಗೆ, "ಇವರ ಲೆಕ್ಕವನ್ನೂ ಯಾರೂ ಇಟ್ಟಿರಲಿಲ್ಲ, ಅಲ್ಲವೇ?" ಎಂದಳು. ಅವಳು ನೆನೆದದ್ದು ಚಿಕ್ಕಪ್ಪನನ್ನೆಂದು ನಮಗೂ ಅವಳ ತಮ್ಮನಿಗೂ ತಿಳಿಯಿತು. ಯಾರೂ ಮಾತಾಡಲಿಲ್ಲ.

ಭಾನುವಾರ ಕ್ಲಬ್ಬಿನ ಸವಾರಿ ಸ್ವಾನೇಜ್ ಎಂಬ ಊರಿಗೆ ಹೊರಟಿತು. ಪಶ್ಚಿಮಕ್ಕೆ ಸುಮಾರು ಎರಡು ಗಂಟೆಯ ದಾರಿ. ಕೊಲ್ಲಿಯ ದಂಡೆಯ ಸಣ್ಣ ಊರು. ಅಲ್ಲಿ ಸಮುದ್ರದೊಳಕ್ಕೆ ಚಾಚಿದ, ಮರದ ಹಲಗೆ ಹಾಸಿದ ಒಂದು ಹಳೆಯ ಕಟ್ಟೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಗಿಹಡಗಿನ ಪ್ರಯಾಣಿಕರಿಗಾಗಿ ಕಟ್ಟಿದ್ದು. ನೋಡಿದರೆ ಆಚೆ ದಡವಿಲ್ಲದ ಸೇತುವೆಯಂತಿದೆ. ಹಲಗೆಗಳ ಮೇಲೆ ಸಣ್ಣ ಸಣ್ಣ ಹಿತ್ತಾಳೆಯ ಪಟ್ಟಿಗಳು. ಒಂದೊಂದರಲ್ಲಿ ಒಂದೊಂದು ಹೆಸರು. ಕಟ್ಟೆಯ ಉಳಿವಿಗಾಗಿ ಹಣ ಕೊಟ್ಟು ತಮ್ಮವರ ನೆನಪಿಗೆ ಜನ ಹಾಕಿಸಿದ್ದು. ಇದರ ಕಂಬಗಳ ನಡುವೆ ನೀರು ನಾಲ್ಕೈದು ಮೀಟರಿಗಿಂತ ಹೆಚ್ಚು ಆಳವಿಲ್ಲ. ಕಂಬಗಳ ಮೈಯೆಲ್ಲ ಕಡಲಪಾಚಿ, ಅದರ ಸಂದಿನಲ್ಲಿ ಏಡಿ ಮೀನುಗಳ ಸಂಸಾರ. ಹೊಸಬರಿಗೆ ಹೇಳಿಮಾಡಿಸಿದ ಜಾಗ.

ಅಂದು ಇಳಿಯಬೇಕಾಗಿದ್ದವರು ಹದಿಮೂರು ಜನ. ಅಕ್ಕ ಭಾವಂದಿರ ಎದುರಿಗೆ ಕಡಲಿಗಿಳಿದು ತೋರಿಸಬೇಕೆಂದು ಭಾವಮೈದ ಹುರುಪಿನಲ್ಲಿದ್ದ. ಆ ಶಿಕ್ಷಕಿ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡುತ್ತ ಬಂದು ಇವನೆದುರು ನಿಂತರು. "ಮೂಗೇಕೆ ಕೆಂಪಾಗಿದೆ?" "ಸ್ವಲ್ಪ ನೆಗಡಿ." "ಹಾಗಾದರೆ ಇಂದು ನೀನು ಇಳಿಯುವಂತಿಲ್ಲ." ನಾಲ್ಕೇ ಮೀಟರು ಆಳವೆಂದು ಇವನು ವಾದಿಸಿದ. ಕಿವಿಗೆ ಅತ್ಯಂತ ತ್ರಾಸವಾಗುವುದು ಆ ಮೊದಲ ನಾಲ್ಕು ಮೀಟರಿನಲ್ಲಿಯೇ ಎಂದು ಅವರು ಹೇಳಿದರು. ನೀರಿನ ಒತ್ತಡಕ್ಕೆ ಸಮನಾಗಿ ಮೂಗಿನ ಹಿಂದಿನಿಂದ ಕಿವಿಯೊಳಕ್ಕೆ ಗಾಳಿ ಸೇರಬೇಕು, ನೆಗಡಿಯಲ್ಲಿ ಆ ದಾರಿ ಕಟ್ಟಿರುತ್ತದೆ, ತಮಟೆ ಹರಿದೀತು. "ಅಕ್ಕ ಭಾವ ಮುಂಬಯಿಯಿಂದ ಬಂದಿದ್ದಾರೆ," ಎಂದು ಇವನು ಕೊನೆಯ ಅಸ್ತ್ರ ಬಿಟ್ಟ. "ಬಹಳ ಸಂತೋಷ. ಅವರ ಜೊತೆಗೆ ಚಹಾ ಕುಡಿ. ಮತ್ತು ಇದನ್ನು ಹಿಡಿದುಕೋ," ಎಂದು ಹಲಗೆಗೆ ಸಿಕ್ಕಿಸಿದ ಒಂದು ಹಾಳೆಯನ್ನೂ ಪೆನ್ಸಿಲನ್ನೂ ಅವನ ಕೈಗಿತ್ತರು.

ಓದುಗರೇ, ನಾವು ಹದಿಮೂರು ವರ್ಷಗಳಿಂದ ಸರಕಾರಿ ಕಚೇರಿಯಲ್ಲಿ ದಿನವೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು. ಆದರೆ ಹಾಜರಿ ಪುಸ್ತಕವೆಂಬುದು ಏತಕ್ಕಾಗಿ ಇರುವುದೆಂದು ನಮಗೆ ಅರ್ಥವಾದದ್ದು ಆ ಕಟ್ಟೆಯ ಮೇಲೆ. ಹಾಳೆಯಲ್ಲಿ ಅಡ್ಡಗೆರೆ, ಉದ್ದಗೆರೆ. ಒಬ್ಬನ ಹೆಸರು, ಅವನ ಜೊತೆಗಾರನ ಹೆಸರು, ನೀರಿಗಿಳಿದ ವೇಳೆ, ಆಗ ಸಿಲಿಂಡರಿನಲ್ಲಿದ್ದ ಗಾಳಿ, ಮೇಲೆ ಬರಬೇಕಾದ ವೇಳೆ, ಬಂದ ವೇಳೆ, ಉಳಿದ ಗಾಳಿ. ಹನ್ನೆರಡು ಲೀಟರಿನ ಸಿಲಿಂಡರಿನಲ್ಲಿ ಗಾಳಿಯನ್ನು ಇನ್ನೂರು ಪಟ್ಟು ಒತ್ತಿ ತುಂಬಿರುತ್ತಾರೆ. ಮುಳ್ಳು ಐವತ್ತಕ್ಕೆ ಇಳಿಯುವ ಮೊದಲೇ ಮೇಲೆ ಬಂದಿರಬೇಕು. ಹಾಳೆ ಹಿಡಿದವನು ಎಲ್ಲಿಗೂ ಹೋಗಕೂಡದು, ಬೇರೆ ಮಾತಿನಲ್ಲಿ ಮೈಮರೆಯಕೂಡದು. ಆದ್ದರಿಂದ ಚಹಾವನ್ನು ನಾವೇ ತಂದುಕೊಟ್ಟೆವು. ಅದು ಅವನ ಪಕ್ಕದಲ್ಲಿ ಆರಿಹೋಯಿತು.

ಆರು ಜೋಡಿಗಳು ಇಳಿದವು. ನೀರಿನ ಮೇಲೆ ಗುಳ್ಳೆಗಳು ಮಾತ್ರ. ಮೊದಲ ಜೋಡಿ ಬಂದಿತು, ಎರಡನೆಯದು ಬಂದಿತು. ಹೊಸ ಹುಡುಗನೂ ಬಂದ. ತಲೆಯ ಮೇಲೆ ಕೊಂಬಿನಂಥ ಕುಚ್ಚಿದ್ದ ಒಂದು ಪುಟ್ಟ ಮೀನು ತನ್ನನ್ನೇ ದಿಟ್ಟಿಸಿ ನೋಡಿತೆಂದು ನಮ್ಮ ಮಗಳಿಗೆ ಹೇಳಿ ಹೇಳಿ ದಣಿಯಲಿಲ್ಲ. ಐದು ಜೋಡಿ ಆದವು. ಆರನೆಯ ಜೋಡಿಯ ವೇಳೆ ಹನ್ನೊಂದು ಗಂಟೆ ನಲವತ್ತು ನಿಮಿಷ. ನಲವತ್ತಾಯಿತು. ಬರಲಿಲ್ಲ.

ಭಾವಮೈದ ಎದ್ದು ನಿಂತು ಶಿಕ್ಷಕಿಗೆ ಒಂದೇ ಮಾತು ಹೇಳಿದ. ಅವರು ಕೂಗಾಡಲಿಲ್ಲ, ಓಡಾಡಲಿಲ್ಲ. ಆಗತಾನೆ ಮೇಲೆ ಬಂದಿದ್ದ ಇಬ್ಬರು ಹೊಸ ಸಿಲಿಂಡರು ಏರಿಸಿಕೊಂಡು ಮೆಟ್ಟಿಲಿನ ತುದಿಗೆ ಹೋಗಿ ನಿಂತರು. ಒಬ್ಬರು ಗುಳ್ಳೆಗಳನ್ನು ಹುಡುಕುತ್ತ ಕಟ್ಟೆಯುದ್ದಕ್ಕೂ ನಡೆದರು. ಭಾವಮೈದ ಹಾಳೆಯನ್ನು ಎದೆಗೊತ್ತಿಕೊಂಡು ನೀರನ್ನೇ ನೋಡುತ್ತಿದ್ದ. ನಮ್ಮಾಕೆ ಅವನ ಮುಖವನ್ನು ನೋಡುತ್ತಿದ್ದಳು. ನಲವತ್ತೊಂದು. ನಲವತ್ತೆರಡು. ನಲವತ್ತಮೂರಕ್ಕೆ ದೂರದ ಕಂಬದ ಬಳಿ ಎರಡು ತಲೆಗಳು ಎದ್ದು, ಎರಡು ಕೈಗಳು ಉಂಗುರದ ಸನ್ನೆ ಮಾಡಿದವು. ಒಂದು ಏಡಿಯನ್ನು ನೋಡುತ್ತ ಹೊತ್ತು ಹೋದದ್ದು ತಿಳಿಯಲಿಲ್ಲವಂತೆ. ದಡಕ್ಕೆ ಬಂದ ಮೇಲೆ ಶಿಕ್ಷಕಿ ಅವರಿಗೆ, "ನೀರಿನೊಳಗೆ ಅದು ಮೂರು ನಿಮಿಷ. ಇಲ್ಲಿ ಎಷ್ಟೆಂದು ಈತನನ್ನು ಕೇಳಿ," ಎಂದಷ್ಟೇ ಹೇಳಿದರು. ಇಬ್ಬರೂ ಬಂದು ಅವನ ಕ್ಷಮೆ ಕೇಳಿದರು. ಅವನು ಕೊನೆಯ ಗೆರೆ ತುಂಬಿ, ಹೋದವರು ಹನ್ನೆರಡು, ಬಂದವರು ಹನ್ನೆರಡು ಎಂದು ಬರೆದು ಸಹಿ ಹಾಕಿದ.

"ಅಂದು ನಮ್ಮ ಹೊಳೆಯ ದಡದಲ್ಲಿ ಇಂಥ ಒಂದು ಹಾಳೆ ಇದ್ದಿದ್ದರೆ," ಎಂದು ನಮ್ಮಾಕೆ ಮಾತು ನಿಲ್ಲಿಸಿದಳು. "ಅದಕ್ಕೇ ಅಕ್ಕ, ನಾನು ಇವರನ್ನು ಸೇರಿದ್ದು," ಎಂದ ತಮ್ಮ. "ಈಜು ಬರುತ್ತಿರಲಿಲ್ಲ. ನೀರು ಕಂಡರೆ ಅಮ್ಮನ ಮುಖವೇ ಕಾಣುತ್ತಿತ್ತು. ಇಲ್ಲಿ ಮೊದಲ ದಿನವೇ ನನ್ನ ಹೆಸರು ಬರೆದುಕೊಂಡರು. ಮೇಲೆ ಬರುವವರೆಗೂ ಒಬ್ಬರು ನನಗಾಗಿ ಕಾದಿದ್ದರು."

ಆ ರಾತ್ರಿ ಕುಮಟೆಗೆ ಫೋನು ಮಾಡಿದೆವು. ಕಟ್ಟಿಕೊಂಡು ಹೋದ ಬುದ್ಧಿಮಾತಿನ ಗಂಟು ಬಿಚ್ಚದೆಯೇ ಉಳಿದಿತ್ತು. ಕಂಡದ್ದನ್ನು ಕಂಡಂತೆ, ಆ ಮೂರು ನಿಮಿಷಗಳನ್ನೂ ಮುಚ್ಚಿಡದೆ, ಅತ್ತೆಯವರಿಗೆ ಹೇಳಿದೆವು. ಬಹಳ ಹೊತ್ತು ಆಚೆಯಿಂದ ಮಾತಿಲ್ಲ.

"ಆ ಪಟ್ಟಿ ಬರೆಯುವವರಿಗೆ ಸಂಬಳ ಎಷ್ಟಂತೆ?" ಎಂದು ಕೊನೆಗೆ ಕೇಳಿದರು.

"ಸಂಬಳವಿಲ್ಲ ಅಮ್ಮ," ಎಂದ ಮಗ.

"ಮತ್ತೆ ಯಾಕೆ ಬರೆಯುತ್ತಾರೆ?"

"ಇವತ್ತು ಅವರು ಇಳಿದರು, ನಾನು ಬರೆದೆ. ಮುಂದಿನ ವಾರ ನಾನು ಇಳಿಯುತ್ತೇನೆ, ಅವರು ಬರೆಯುತ್ತಾರೆ."

ಮತ್ತೆ ಮೌನ. ಆಮೇಲೆ, "ನೆಗಡಿ ಇರುವಾಗ ಇಳಿಯಬೇಡ. ಆ ಟೀಚರಮ್ಮ ಹೇಳಿದ ಹಾಗೆ ಕೇಳು," ಎಂದರು. ಇದಕ್ಕಿಂತ ದೊಡ್ಡ ಅಪ್ಪಣೆಯನ್ನು ಆ ಮನೆಯಲ್ಲಿ ಯಾರೂ ಪಡೆದದ್ದಿಲ್ಲ.

ಮುಂಬಯಿಗೆ ಮರಳಿದ ಮೇಲೆ ನಮ್ಮ ಸಂಘದ ಕೆಲಸಗಳು ಎಂದಿನಂತೆ ಎದುರಾದವು. ಪ್ರತಿ ವರ್ಷ ಕುರ್ಚಿ ಹೊರುವವರು ಅದೇ ನಾಲ್ವರು, ನೋಟೀಸು ಬರೆಯುವವರು ಅದೇ ಇಬ್ಬರು. ಮಿಕ್ಕವರು ಬಂದು, ನೋಡಿ, ಉಪ್ಪಿಟ್ಟು ಸರಿಯಿಲ್ಲವೆಂದು ಹೇಳಿ ಹೋಗುವವರು. ನಾವೂ ಬಹಳ ಕಾಲ ಈ ಮೂರನೆಯ ಗುಂಪಿನವರೇ ಆಗಿದ್ದೆವು. ಈ ಸಲ ಚಳಿಗಾಲದಲ್ಲಿ ಮಕ್ಕಳನ್ನು ಕೊಂಕಣದ ಕಡಲತೀರಕ್ಕೆ ಕರೆದೊಯ್ಯುವ ಯೋಚನೆಯಿದೆ. ನೀರಿಗಿಳಿಯುವ ಮಕ್ಕಳ ಹೆಸರು ಬರೆದು, ಎಲ್ಲರೂ ಮೇಲೆ ಬರುವವರೆಗೆ ದಡದಲ್ಲಿ ಕದಲದೆ ನಿಲ್ಲುವ ಕೆಲಸವನ್ನು ನಾವು ಕೇಳಿ ಪಡೆದಿದ್ದೇವೆ. ಆದರೆ ಒಬ್ಬರಿಂದ ಆಗುವ ಕೆಲಸವಲ್ಲ, ಸರದಿಗೆ ಇನ್ನೂ ಮೂವರು ಬೇಕು. ಇಚ್ಛೆಯುಳ್ಳವರು ಕಾರ್ಯದರ್ಶಿಗಳಿಗೆ ಹೆಸರು ಕೊಡಬೇಕಾಗಿ ಪ್ರಾರ್ಥನೆ. ಸಂಬಳವಿಲ್ಲ, ಚಹಾ ಉಂಟು, ಅದೂ ಆರಿಹೋಗಿರುತ್ತದೆ.